ಕೊಳ್ಳುವ ಮನೆ, ಅದರ ಕೆಳಗಿನ ನೆಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆ ಕೊಳ್ಳುವಾಗ ಕಾಗದಪತ್ರಗಳನ್ನು ಪರಿಶೀಲಿಸುವ ಬಗೆಯನ್ನು ಹಿಂದಿನ ಸಂಚಿಕೆಯಲ್ಲಿ ವಿವರಿಸಿದ್ದೆ. ಅದನ್ನು ಓದಿದ ಹಲವರು, ಕಾಗದದಲ್ಲಿ ಕಾಣದ ಸಂಗತಿಗಳನ್ನು, ಎಂದರೆ ಮಳೆನೀರು, ಎರೆಮಣ್ಣು, ಕೊಳವೆಬಾವಿ, ಬಿಸಿಲು, ಗಾಳಿ ಇವುಗಳನ್ನು ಪರೀಕ್ಷಿಸುವುದು ಹೇಗೆ ಎಂದು ಕೇಳಿದ್ದಾರೆ. ಪತ್ರಗಳಲ್ಲಿ ಹೆಚ್ಚಿನವು ಹುಬ್ಬಳ್ಳಿ-ಧಾರವಾಡದಿಂದ, ಉಳಿದವು ಗದಗ ಮತ್ತು ಹಾವೇರಿ ಜಿಲ್ಲೆಗಳಿಂದ ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ, ಬರೆದವರ ಹೆಸರು ಬಿಟ್ಟು, ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಹುಬ್ಬಳ್ಳಿಯ ಹೊರವಲಯದ ಹೊಸ ಲೇಔಟಿನಲ್ಲಿ 30-40ರ ನಿವೇಶನದ ಮನೆಯೊಂದನ್ನು ನೋಡಿದ್ದೇವೆ. ಕಾಗದಪತ್ರ ಸರಿಯಾಗಿವೆ ಎಂದು ವಕೀಲರು ಹೇಳಿದ್ದಾರೆ. ಹಿತ್ತಲಿನ ಗೋಡೆಯ ಆಚೆ ಸಣ್ಣದೊಂದು ನಾಲಾ ಇದೆ. “ಎಂಥಾ ಮಳಿಯಾದ್ರೂ ಇದರಾಗ ಮೊಣಕಾಲಮಟ ನೀರು ಬರಂಗಿಲ್ರೀ” ಎಂದು ಮಾರುವವರು ಹೇಳುತ್ತಾರೆ. ಮುಂಗಡ ಕೊಡುವ ಮೊದಲು ಇನ್ನೇನು ನೋಡಬೇಕು?
(ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ)

ಉತ್ತರ: ವಕೀಲರು ಪರಿಶೀಲಿಸಿರುವುದು ಒಡೆತನವನ್ನು. ಬಿನ್‌ಶೇತ್ಕಿ (ಕೃಷಿಯೇತರ ಬಳಕೆಯ) ಆದೇಶ, ನಗರಾಭಿವೃದ್ಧಿ ಪ್ರಾಧಿಕಾರದ ಲೇಔಟ್ ಮಂಜೂರಾತಿ, ಉತಾರ (ಹಕ್ಕು ದಾಖಲೆಯ ಪ್ರತಿ) ಎಲ್ಲವೂ ಸರಿಯಿದ್ದ ಮನೆಯೊಳಗೂ ನೀರು ನುಗ್ಗಿದ್ದನ್ನು ನಾನು ಕಂಡಿದ್ದೇನೆ. ನೀರಿನ ವಿಚಾರ ತಿಳಿಯಲು ಬೇರೆ ಕಾಗದವನ್ನೇ ನೋಡಬೇಕಾಗುತ್ತದೆ, ಅದು ಆ ಊರಿನ ಗ್ರಾಮ ನಕಾಶೆ. ಲೇಔಟ್ ಆಗುವ ಮೊದಲು ಆ ಜಾಗ ಯಾವುದೋ ಹಳ್ಳಿಯ ಹೊಲವಾಗಿತ್ತು. ಭೂದಾಖಲೆಗಳ ಇಲಾಖೆಯ ನಕಾಶೆಯಲ್ಲಿ ಆ ಹೊಲದ ಸರ್ವೆ ನಂಬರನ್ನು ಹುಡುಕಿ, ಅದರ ಮೇಲೆ ಅಥವಾ ಪಕ್ಕದಲ್ಲಿ ಹಳ್ಳದ ಗೆರೆ ಹಾಯ್ದಿದೆಯೇ ನೋಡಿರಿ. ಹಳೆಯ ಪಹಣಿಯ ವಿಸ್ತೀರ್ಣದ ಕಾಲಮ್ಮಿನಲ್ಲಿ ‘ಖರಾಬು ಬ’ ಎಂದು ಕೆಲವು ಗುಂಟೆ ತೋರಿಸಿದ್ದರೆ, ಅದು ಹಳ್ಳ, ದಾರಿ ಮುಂತಾದ ಸಾರ್ವಜನಿಕ ಬಳಕೆಗೆ ಬಿಟ್ಟ ನೆಲ. ಆ ಗುಂಟೆಗಳು ಈಗಿನ ಲೇಔಟ್ ನಕಾಶೆಯಲ್ಲಿ ಎಲ್ಲಿ ಹೋದವು ಎಂಬ ಪ್ರಶ್ನೆಗೆ ಮಾರುವವರಿಂದ ಉತ್ತರ ಬರಬೇಕು. ‘ದಿಶಾಂಕ್’ ಎಂಬ ಸರ್ಕಾರಿ ಆ್ಯಪ್ ಮೊಬೈಲಿನಲ್ಲಿದ್ದರೆ ನಿವೇಶನದ ಮೇಲೆ ನಿಂತುಕೊಂಡೇ ಸರ್ವೆ ನಂಬರನ್ನು ತಿಳಿಯಬಹುದು. ಗೂಗಲ್ ಅರ್ಥ್‌ನಲ್ಲಿ ಹಿಂದಿನ ವರ್ಷಗಳ ಉಪಗ್ರಹ ಚಿತ್ರಗಳೂ ಸಿಗುತ್ತವೆ. ಲೇಔಟಿಗೆ ಮುಂಚಿನ ಚಿತ್ರದಲ್ಲಿ ಹೊಲಗಳ ನಡುವೆ ಸೊಟ್ಟಸೊಟ್ಟಾಗಿ ಹೋಗುವ ಹಸಿರು ಪಟ್ಟಿಯೊಂದು ಕಂಡರೆ ಅದು ನೀರಿನ ಹಾದಿಯೆಂದೇ ತಿಳಿಯಿರಿ.

ಇದಕ್ಕೆ ಇಷ್ಟು ಒತ್ತು ಕೊಡಲು ಹುಬ್ಬಳ್ಳಿಯ ನೆಲದ ಇಳಿತವೇ ಕಾರಣ. ಧಾರವಾಡ ದಿಬ್ಬದ ಮೇಲಿನ ಊರು. ಅಲ್ಲಿನ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಪಡುವಣಕ್ಕೆ ಹರಿದು ಹೋಗುತ್ತದೆ. ಅದಕ್ಕಿಂತ ಸುಮಾರು 100 ಮೀಟರ್ ತಗ್ಗಿನಲ್ಲಿರುವ ಹುಬ್ಬಳ್ಳಿಯ ಹೆಚ್ಚಿನ ನೀರು ಮೂಡಲಕ್ಕೆ ಹೊರಳುತ್ತದೆ. ಉಣಕಲ್ ಕೆರೆ ಕೋಡಿ ಬಿದ್ದರೆ ಆ ನೀರು ನಾಲಾ ಹಿಡಿದು ಊರ ನಡುವೆಯೇ ಹಾಯ್ದು ಬೆಣ್ಣಿಹಳ್ಳದ ಕಡೆಗೆ ಸಾಗುತ್ತದೆ. ಶಿಗ್ಗಾವಿ ತಾಲ್ಲೂಕಿನ ದುಂಡಶಿಯ ಸುತ್ತ ಹುಟ್ಟುವ ಬೆಣ್ಣಿಹಳ್ಳವು ನವಲಗುಂದ ಸೀಮೆಯನ್ನು ದಾಟಿ ರೋಣ ತಾಲ್ಲೂಕಿನಲ್ಲಿ ಮಲಪ್ರಭೆಯನ್ನು ಸೇರುತ್ತದೆ. ಬೇಸಿಗೆಯಲ್ಲಿ ಕುರಿ ದಾಟುವಂತಿರುವ ಈ ಹಳ್ಳ ಮಳೆಗಾಲದಲ್ಲಿ ಊರಿಗೂರನ್ನೇ ಕಡಿದುಹಾಕುವುದು ನಮಗೆಲ್ಲ ಗೊತ್ತು. ನಿಮ್ಮ ಹಿತ್ತಲಿನ ನಾಲಾ ಈ ಜಾಲದ ಒಂದು ಎಳೆ.

ಇನ್ನು ಮೊಣಕಾಲಮಟ್ಟದ ಮಾತು. ಒಂದು ಎಕರೆ ನೆಲದ ಮೇಲೆ ಒಂದು ತಾಸಿನಲ್ಲಿ 50 ಮಿಲಿಮೀಟರ್ ಮಳೆ ಸುರಿದರೆ ಅದು 2 ಲಕ್ಷ ಲೀಟರ್ ನೀರು. ಹೊಲವಾಗಿದ್ದಾಗ ಬಿರುಕು ಬಿಟ್ಟ ಎರೆಭೂಮಿ ಮೊದಲ ಮಳೆಯ ಬಹುಭಾಗವನ್ನು ಕುಡಿದುಬಿಡುತ್ತಿತ್ತು. ಈಗ ಅದೇ ನೆಲದ ಮೇಲೆ ಚಾವಣಿ, ಫರಸಿ, ಸಿಮೆಂಟ್ ರಸ್ತೆಗಳಿವೆ, ಬಿದ್ದ ನೀರು ಕೆಲವೇ ನಿಮಿಷಗಳಲ್ಲಿ ನಾಲಾಕ್ಕೆ ಇಳಿಯುತ್ತದೆ. ಮಾರುವವರು ಸುಳ್ಳು ಹೇಳುತ್ತಿರಲಿಕ್ಕಿಲ್ಲ. ಅವರು ಹೇಳುತ್ತಿರುವುದು ಮೇಲ್ಭಾಗದಲ್ಲಿ ಮನೆಗಳಾಗುವುದಕ್ಕೆ ಮುಂಚಿನ ಅನುಭವವಾಗಿರಬಹುದು. ಆದ್ದರಿಂದ ಮೇಲ್ಭಾಗದಲ್ಲಿ ಎಷ್ಟು ಹೊಸ ಲೇಔಟ್‌ಗಳಾಗುತ್ತಿವೆ ಎಂಬುದನ್ನೂ ನೋಡಿ ಬನ್ನಿರಿ.

ನಾಲಾದ ದಂಡೆಯ ಮೇಲೆ ಮೇಲಕ್ಕೂ ಕೆಳಕ್ಕೂ ಅರ್ಧ ಕಿಲೋಮೀಟರ್ ನಡೆಯಿರಿ. ದಂಡೆಯಲ್ಲಿ ಬಳ್ಳಾರಿ ಜಾಲಿಯ ಕಂಟಿಗಳಿದ್ದೇ ಇರುತ್ತವೆ. ಆ ಮುಳ್ಳುಗಳಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲ, ಚಿಂದಿ ಅರಿವೆ, ಒಣಗಿದ ಕಣಿಕೆ ಎಷ್ಟು ಎತ್ತರದಲ್ಲಿವೆ ಎಂಬುದನ್ನು ಕೋಲಿನಿಂದ ಅಳೆಯಿರಿ. ಇತ್ತೀಚಿನ ಮಳೆಯಲ್ಲಿ ನೀರು ಮುಟ್ಟಿದ ಮಟ್ಟ ಅದು. ಅದಕ್ಕಿಂತ ಸ್ಪಷ್ಟವಾದ ದಾಖಲೆ ಯಾವ ಕಚೇರಿಯಲ್ಲೂ ಸಿಗುವುದಿಲ್ಲ. ಬಳಿಕ ಅದೇ ಮಟ್ಟವನ್ನು ಮನೆಯ ಹೊಸ್ತಿಲಿನೊಂದಿಗೆ ಹೋಲಿಸಿರಿ. ಕೆಳಗಡೆ ಇರುವ ಸಿಡಿ (ರಸ್ತೆಯಡಿ ನೀರು ದಾಟಿಸುವ ಕಿರುಸೇತುವೆ) ಅಥವಾ ಮೋರಿ, ಮೇಲಿನದಕ್ಕಿಂತ ಇಕ್ಕಟ್ಟಾಗಿದ್ದರೆ ನೀರು ಅಲ್ಲಿ ಕಟ್ಟಿಕೊಂಡು ಹಿಂದಕ್ಕೆ ಏರುತ್ತದೆ. ಆ ಹಿನ್ನೀರಿನಲ್ಲಿ ನಿಮ್ಮ ಹಿತ್ತಲು ಬರುತ್ತದೆಯೇ ಎಂದು ನೋಡಬೇಕು.

ಮುಂಬಾಗಿಲಿಗೆ ಬನ್ನಿ. ರಸ್ತೆಯಿಂದ ಮನೆಗೆ ಹತ್ತಿ ಹೋಗುತ್ತೀರೋ ಇಳಿದು ಹೋಗುತ್ತೀರೋ? ಮನೆಯ ನೆಲಗಟ್ಟು ಸುತ್ತಲಿನ ನೆಲಕ್ಕಿಂತ ಕನಿಷ್ಠ 45 ಸೆಂಟಿಮೀಟರ್ ಎತ್ತರವಿರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಆದರೆ ನಮ್ಮಲ್ಲಿ ಹಳೆಯ ರಸ್ತೆಯನ್ನು ಕೀಳದೆ ಅದರ ಮೇಲೆಯೇ ಹೊಸ ಡಾಂಬರು, ಅದರ ಮೇಲೆ ಕಾಂಕ್ರೀಟು ಹಾಕುವುದರಿಂದ ಪ್ರತಿ ಸಲವೂ ರಸ್ತೆ ಅರ್ಧ ಗೇಣು ಏರುತ್ತದೆ, ಮನೆ ಅಷ್ಟು ತಗ್ಗುತ್ತದೆ. ಲೇಔಟಿನಲ್ಲಿ ಇನ್ನೂ ಕಚ್ಚಾ ರಸ್ತೆಯಿದ್ದರೆ ಮುಂದೆ ಏರಲಿರುವ ಆ ಎತ್ತರವನ್ನೂ ಈಗಲೇ ಲೆಕ್ಕ ಹಿಡಿಯಿರಿ.

ಕೊನೆಯದಾಗಿ, ಮುಂಗಡ ಕೊಡುವುದನ್ನು ಸಾಧ್ಯವಾದರೆ ಒಂದು ಮಳೆಯಾಗುವವರೆಗೆ ಮುಂದೂಡಿ, ಮಳೆ ನಿಂತ ಅರ್ಧ ತಾಸಿನೊಳಗೆ ಆ ಜಾಗಕ್ಕೆ ಹೋಗಿ ನಿಂತುಕೊಳ್ಳಿರಿ. ಯುಗಾದಿಯ ಸುಮಾರಿಗೆ ನೋಡಿದ ಮನೆಯೂ ಆರಿದ್ರಾ ಮಳೆಯಲ್ಲಿ ನೋಡಿದ ಮನೆಯೂ ಬೇರೆಬೇರೆ.

ಪ್ರಶ್ನೆ: ಕುಸುಗಲ್ಲ ರಸ್ತೆಯ ಕಡೆ ಎಂಟು ವರ್ಷದ ಹಳೆಯ ಮನೆಯೊಂದು ನಮ್ಮ ಆಯಕ್ಕೆ ಸರಿಹೊಂದುತ್ತದೆ. ಗೋಡೆಗಳಲ್ಲಿ ಸಣ್ಣ ಬಿರುಕುಗಳಿವೆ. ಎರೆಭೂಮಿಯಲ್ಲಿ ಇದು ಸಾಮಾನ್ಯವೆಂದು ಗೌಂಡಿ ಹೇಳುತ್ತಾನೆ. ನಂಬಬಹುದೇ?
(ಕಾಲೇಜು ಉಪನ್ಯಾಸಕಿ, ಹುಬ್ಬಳ್ಳಿ)

ಉತ್ತರ: ಸಾಮಾನ್ಯವೆಂಬುದು ನಿಜ. ಅಪಾಯವಿಲ್ಲ ಎಂಬುದು ಬೇರೆಯೇ ಮಾತು, ಅದನ್ನು ಗೌಂಡಿ ಹೇಳಿಲ್ಲ ಎಂಬುದನ್ನು ಗಮನಿಸಿರಿ.

ಧಾರವಾಡದ ಪಶ್ಚಿಮಕ್ಕೆ ಹೋದಂತೆ ಕೆಂಪು ಮಸಾರಿ ಹೆಚ್ಚು, ಹುಬ್ಬಳ್ಳಿಯಿಂದ ಮೂಡಲಕ್ಕೆ ನವಲಗುಂದ, ಅಣ್ಣಿಗೇರಿ, ಗದಗಿನತ್ತ ಹೋದಂತೆ ಎರೆ ಹೆಚ್ಚು. ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಖನಿಜವು ತನ್ನ ಪದರಗಳ ನಡುವೆ ನೀರನ್ನು ಹಿಡಿದುಕೊಂಡು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಏಪ್ರಿಲ್‌ನಲ್ಲಿ ಹೊಲದ ಬಿರುಕಿನೊಳಗೆ ಕೈ ಇಳಿಸಿ ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಒಣಗುವ, ತೇವವಾಗುವ ಈ ಆಟ ಸುಮಾರು ಮೂರೂವರೆ ಮೀಟರ್ ಆಳದವರೆಗೂ ನಡೆಯುತ್ತದೆ. ಮನೆಯ ಪಾಯ ಅದಕ್ಕಿಂತ ಮೇಲೆಯೇ ನಿಂತಿದ್ದರೆ ಪಾಯವೂ ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಮನೆಯ ನಡುವಿನ ನೆಲ ವರ್ಷವಿಡೀ ಹೆಚ್ಚುಕಡಿಮೆ ಒಂದೇ ತೇವದಲ್ಲಿರುತ್ತದೆ, ಅಂಚಿನ ನೆಲ ಮಾತ್ರ ಮಳೆಗೆ ನೆನೆದು ಬಿಸಿಲಿಗೆ ಒಣಗುತ್ತದೆ. ನಡುಭಾಗ ನಿಂತಲ್ಲೇ ನಿಂತು ಮೂಲೆಗಳು ಅಲುಗುವುದರಿಂದ ಬಾಗಿಲು, ಕಿಟಕಿಗಳ ಮೂಲೆಯಿಂದ ಓರೆಯಾಗಿ ಏರುವ ಬಿರುಕುಗಳು ಹುಟ್ಟುತ್ತವೆ.

ಮನೆಯನ್ನು ನೋಡಲು ಹೋದಾಗ ಬಿರುಕಿನೊಳಗೆ ಐದು ರೂಪಾಯಿಯ ನಾಣ್ಯ ಹೋಗುತ್ತದೆಯೇ ನೋಡಿರಿ. ಗಿಲಾವಿನ ಮೇಲಷ್ಟೇ ಇರುವ ಕೂದಲೆಳೆಯಂಥ ಬಿರುಕು, ಜಾಲರಿಯಂತೆ ಹರಡಿದ್ದರೆ, ಸಿಮೆಂಟ್ ಬೇಗ ಒಣಗಿದ ಗುರುತು, ಅದಕ್ಕೆ ಚಿಂತಿಸಬೇಕಾಗಿಲ್ಲ. ಗೋಡೆಯ ಎರಡೂ ಬದಿಯಲ್ಲಿ ಒಂದೇ ಜಾಗದಲ್ಲಿ ಕಾಣುವ, ಮೇಲೆ ಅಗಲವಾಗಿ ಕೆಳಗೆ ಸಣ್ಣದಾಗುವ, ಇಟ್ಟಿಗೆಯನ್ನೇ ಸೀಳಿಕೊಂಡು ಹೋದ ಬಿರುಕು ಪಾಯ ಅಲುಗಿದ್ದರ ಗುರುತು. ಪ್ರತಿ ಬಾಗಿಲನ್ನೂ ತೆರೆದು ಮುಚ್ಚಿರಿ. ಕದದ ಮೇಲ್ತುದಿಯನ್ನು ಒಂದೇ ಮೂಲೆಯಲ್ಲಿ ಉಜ್ಜುಗೊರಡು ಹಾಕಿ ಕೆತ್ತಿದ್ದು ಕಂಡರೆ ಚೌಕಟ್ಟು ಓರೆಯಾಗಿ ಬಾಗಿಲು ಹಿಡಿದಿತ್ತು ಎಂದರ್ಥ. ಬಿರುಕುಗಳಿಗೆ ಬಣ್ಣ ಬಳಿದು ಮುಚ್ಚುವವರು ಕದದ ಕೆತ್ತಿದ ಜಾಗವನ್ನು ಮರೆತುಬಿಡುತ್ತಾರೆ.

ಬಿರುಕು ಇನ್ನೂ ಬೆಳೆಯುತ್ತಿದೆಯೇ ಎಂಬುದು ಮುಖ್ಯ ಪ್ರಶ್ನೆ. ಎರಡು ತಿಂಗಳು ಕಾಯುವ ಅವಕಾಶವಿದ್ದರೆ ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯೊಂದನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಎರಡೂ ತುದಿಯಲ್ಲಿ ಅಂಟಿಸಿ ತಾರೀಖು ಬರೆಯಿರಿ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಈ ಅಗ್ಗದ ಉಪಾಯಕ್ಕೆ ಮಾರುವವರು ಒಪ್ಪದಿದ್ದರೆ ಆ ನಿರಾಕರಣೆಯನ್ನೂ ಒಂದು ಉತ್ತರವೆಂದೇ ಭಾವಿಸಬೇಕು.

ಮಣ್ಣನ್ನೂ ಪರೀಕ್ಷಿಸಬಹುದು. ಊರಿನ ಇಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯದಲ್ಲಿ ಮಾಡುವ ಮುಕ್ತ ಉಬ್ಬುವಿಕೆಯ ಪರೀಕ್ಷೆ ಎಷ್ಟು ಸರಳವೆಂದರೆ ಒಮ್ಮೆ ನಿಂತು ನೋಡುವಂತಿದೆ. ಒಣಗಿಸಿ, ಕುಟ್ಟಿ, ನುಣ್ಣನೆಯ ಜರಡಿಯಲ್ಲಿ ಸೋಸಿದ ಮಣ್ಣನ್ನು 10 ಗ್ರಾಮಿನಂತೆ ಎರಡು ಅಳತೆಯ ಗಾಜಿನ ಕೊಳವೆಗಳಲ್ಲಿ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ 24 ತಾಸು ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಅದರಲ್ಲಿ ಮಣ್ಣು 10 ಮಿಲಿಲೀಟರಿನ ಗೆರೆಯಲ್ಲಿ ನಿಂತು, ನೀರಿನ ಕೊಳವೆಯಲ್ಲಿ 16ಕ್ಕೆ ಏರಿದ್ದರೆ ಉಬ್ಬುವಿಕೆ ಶೇಕಡ 60 ಎಂದಾಯಿತು. ಶೇಕಡ 50ನ್ನು ದಾಟಿದ ಮಣ್ಣಿನ ಮೇಲೆ ಮಾಮೂಲಿ ಪಾಯ ಹಾಕಿದ ಮನೆಯನ್ನು ನಾನಾದರೆ ಕೊಳ್ಳುವುದಿಲ್ಲ.

ಹಾಗೆಂದು ಎರೆಭೂಮಿಯಲ್ಲಿ ಮನೆಯೇ ಬೇಡವೆಂದಲ್ಲ. ಹಾಗೆ ಹೇಳಿದರೆ ಅರ್ಧ ಜಿಲ್ಲೆಯೇ ಖಾಲಿಯಾಗಬೇಕಾದೀತು. ಕೆಳತುದಿಯನ್ನು ಗಂಟೆಯಂತೆ ಅಗಲಿಸಿ ಆಳಕ್ಕೆ ಇಳಿಸುವ ಅಂಡರ್‌ರೀಮ್ಡ್ ಪೈಲ್‌ಗಳನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಇಂಥ ನೆಲಕ್ಕೆಂದೇ ರೂಪಿಸಿದ್ದಾರೆ. ಎರೆಯನ್ನು ಅಗೆದು ತೆಗೆದು, ಉಬ್ಬದ ಗರಸನ್ನು ಪದರಪದರವಾಗಿ ತುಂಬಿ ದಮ್ಮಸು ಮಾಡಿ ಅದರ ಮೇಲೆ ಪಾಯ ಹಾಕುವ ವಿಧಾನವೂ ಇದೆ. ಪಾಯ ಯಾವ ಬಗೆಯದು, ಎಷ್ಟು ಆಳ, ಕೆಳಗೆ ಗರಸು ಎಷ್ಟು ಎಂಬುದನ್ನು ಕಟ್ಟಿದ ಇಂಜಿನಿಯರರ ನಕ್ಷೆಯಿಂದಲೇ ತಿಳಿದುಕೊಳ್ಳಿರಿ. ಮನೆಯ ಸುತ್ತ ಮೂರು-ನಾಲ್ಕು ಅಡಿ ಅಗಲಕ್ಕೆ ಹೊರಗೆ ಇಳಿಜಾರಾಗಿ ಶಹಾಬಾದಿ ಫರಸಿ ಅಥವಾ ಕಾಂಕ್ರೀಟ್ ಹಾಸಿದ್ದಾರೆಯೇ, ಚಾವಣಿಯ ನೀರಿನ ಪೈಪು ಪಾಯದ ಬುಡದಲ್ಲೇ ಸುರಿಯುತ್ತದೆಯೇ, ಗೋಡೆಗೆ ತಾಗಿ ಬೇವು ಅಥವಾ ಅಶೋಕ ಬೆಳೆದಿದೆಯೇ ಎಂಬುದನ್ನೂ ನೋಡಬೇಕು. ಬೇರುಗಳು ನೀರು ಹೀರಿದಷ್ಟೂ ಆ ಮೂಲೆಯ ಮಣ್ಣು ಹೆಚ್ಚು ಕುಗ್ಗುತ್ತದೆ.

ಹೊಸ ಫ್ಲ್ಯಾಟ್ ಕೊಳ್ಳುವವರಿಗೆ ಒಂದು ಮಾತು. 500 ಚದರ ಮೀಟರಿಗಿಂತ ದೊಡ್ಡ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಯೋಜನೆ ರೇರಾದಲ್ಲಿ, ಎಂದರೆ ರಿಯಲ್ ಎಸ್ಟೇಟ್ ಕಾಯ್ದೆಯ ನಿಯಂತ್ರಣ ಪ್ರಾಧಿಕಾರದಲ್ಲಿ, ನೋಂದಣಿಯಾಗಬೇಕು. 2016ರ ಆ ಕಾಯ್ದೆಯಂತೆ, ಮನೆ ಸ್ವಾಧೀನಕ್ಕೆ ಬಂದ ಐದು ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡುಬಂದು ನೀವು ತಿಳಿಸಿದರೆ ಕಟ್ಟಿದವರು 30 ದಿನಗಳಲ್ಲಿ ಉಚಿತವಾಗಿ ಸರಿಪಡಿಸಬೇಕಾಗುತ್ತದೆ. ನಿಮ್ಮದು ಎಂಟು ವರ್ಷದ ಮನೆಯಾದ್ದರಿಂದ ಈ ಆಸರೆ ನಿಮಗಿಲ್ಲ.

ಪ್ರಶ್ನೆ: ನಾನು ಬಾಡಿಗೆಗೆ ಮನೆ ಹುಡುಕುತ್ತಿದ್ದೇನೆ. ಹನ್ನೊಂದು ತಿಂಗಳ ಕರಾರಿಗೆ ಇಷ್ಟೆಲ್ಲ ಪರೀಕ್ಷೆ ಬೇಕೇ?
(ಖಾಸಗಿ ಉದ್ಯೋಗಿ, ಹುಬ್ಬಳ್ಳಿ)

ಉತ್ತರ: ಮಣ್ಣಿನ ಪರೀಕ್ಷೆ ಬೇಡ. ಆದರೆ ಹನ್ನೊಂದು ತಿಂಗಳಲ್ಲಿ ಒಂದು ಮಳೆಗಾಲ ಬಂದೇ ಬರುತ್ತದೆ. ವೃತ್ತಿಯ ಆರಂಭದಲ್ಲಿ ನಾನು ಹುಬ್ಬಳ್ಳಿಯ ಹಳೆಯ ಓಣಿಯೊಂದರಲ್ಲಿ ನೆಲಮಟ್ಟದ ಮನೆಯನ್ನು ಬಾಡಿಗೆಗೆ ಹಿಡಿದಿದ್ದೆ. ನೋಡಲು ಹೋದದ್ದು ಮಾರ್ಚ್ ತಿಂಗಳ ಮಧ್ಯಾಹ್ನ. ಹೊರಗೆ ಸುಡು ಬಿಸಿಲು, ಒಳಗೆ ಬರಿಗಾಲಿಗೆ ಹಿತವೆನಿಸುವಷ್ಟು ತಣ್ಣಗಿನ ಫರಸಿ. ಮಾಲೀಕರು “ಎಸಿ ಬೇಡ್ರೀ ಈ ಮನಿಗೆ” ಎಂದರು, ನಾನೂ ತಲೆದೂಗಿ ಡಿಪಾಜಿಟ್ ಕೊಟ್ಟೆ. ಆ ತಂಪಿನ ಗುಟ್ಟು ಜೂನ್ ಕೊನೆಗೆ ತಿಳಿಯಿತು. ಒಂದು ರಾತ್ರಿಯ ಮಳೆಗೆ ಬಾಗಿಲಿನಿಂದ ಹನಿ ನೀರೂ ಬರಲಿಲ್ಲ, ಬಚ್ಚಲಿನ ಜಾಲರಿಯಿಂದಲೂ ಶೌಚಾಲಯದಿಂದಲೂ ಉಕ್ಕಿ ಬಂತು. ರಸ್ತೆಯ ಒಳಚರಂಡಿ ತುಂಬಿ, ನೀರು ತನ್ನ ಮಟ್ಟ ಹುಡುಕಿಕೊಂಡು ನಮ್ಮ ಮನೆಗೆ ಬಂದಿತ್ತು. ಬೆಳಗಿನ ಜಾವದವರೆಗೆ ಪುಸ್ತಕಗಳನ್ನು ಅಟ್ಟಕ್ಕೆ ಏರಿಸಿದ್ದಷ್ಟೇ ಕೆಲಸ. ಮನೆಗಳ ಪಾಯ ನೋಡುವುದೇ ಕಸುಬಾದವನು ಬಚ್ಚಲಿನ ಜಾಲರಿ ನೋಡಿರಲಿಲ್ಲ.

ಆದ್ದರಿಂದ ಬಾಡಿಗೆಯವರು ನೋಡಬೇಕಾದದ್ದು ಹೀಗೆ. ರಸ್ತೆಯ ಮೇಲಿರುವ ಒಳಚರಂಡಿಯ ಮ್ಯಾನ್‌ಹೋಲ್ ಮುಚ್ಚಳಕ್ಕಿಂತ ಮನೆಯ ಬಚ್ಚಲು ತಗ್ಗಿನಲ್ಲಿದ್ದರೆ ನೀರು ಹಿಂದಕ್ಕೆ ಬರುವ ಸಾಧ್ಯತೆಯಿದೆ. ಹಾಗಿದ್ದರೆ ಹೊರಹೋಗುವ ಕೊಳವೆಗೆ ಏಕಮುಖ ಕವಾಟವೊಂದನ್ನು ಹಾಕಿಸಿಕೊಡಬೇಕೆಂದು ಮಾಲೀಕರಿಗೆ ಹೇಳಿ, ಆ ಮಾತನ್ನು ಕರಾರು ಪತ್ರದಲ್ಲಿ ಬರೆಸಿರಿ. ಗೋಡೆಯ ಬುಡದಿಂದ ಎರಡು-ಮೂರು ಅಡಿ ಎತ್ತರದವರೆಗೆ ಬಿಳಿಯ ಉಪ್ಪಿನ ಪುಡಿ ಉದುರುತ್ತಿದ್ದರೆ, ಅಥವಾ ಅಷ್ಟೇ ಎತ್ತರಕ್ಕೆ ಹೊಸ ಟೈಲ್ಸ್ ಅಂಟಿಸಿದ್ದರೆ, ಅಲ್ಲಿ ತೇವ ಏರುತ್ತಿದೆ. ಕಪಾಟಿನ ಬಾಗಿಲು ತೆರೆದು ಒಳಗಿನ ವಾಸನೆ ನೋಡಿರಿ. ಮನೆಗೆಲ್ಲ ಬಣ್ಣ ಹೊಡೆದವರೂ ಕಪಾಟಿನ ಒಳಗೆ ಹೊಡೆದಿರುವುದಿಲ್ಲ.

ಮೇಲಂತಸ್ತಿನ ಮನೆಯಾದರೆ ನೀರಿನ ಭಯವಿಲ್ಲ, ಬಿಸಿಲಿನದುಂಟು. ನೆರಳಿಲ್ಲದ ಆರ್‌ಸಿಸಿ ಚಾವಣಿ ಹಗಲೆಲ್ಲ ಕಾಯ್ದು ರಾತ್ರಿ ಒಳಗೆ ಶಾಖ ಬಿಡುತ್ತದೆ. ಏಪ್ರಿಲ್‌ನಲ್ಲಿ ನೋಡುವುದಾದರೆ ಸಂಜೆ ಏಳರ ನಂತರ ಹೋಗಿ, ಸ್ಟೂಲ್ ಹತ್ತಿ ಚಾವಣಿಯ ಒಳಮೈಗೆ ಅಂಗೈ ಇಟ್ಟು ನೋಡಿರಿ. ಮಲಗುವ ಕೋಣೆಯ ಗೋಡೆ ಪಡುವಣಕ್ಕಿದ್ದರೆ ಅದಕ್ಕೂ ಹಾಗೆಯೇ. ಚಾವಣಿಯ ಮೇಲೆ ಸುಣ್ಣ ಅಥವಾ ಬಿಳಿ ಪ್ರತಿಫಲಕ ಬಣ್ಣ ಬಳಿಸಲು ಮಾಲೀಕರು ಒಪ್ಪಿದರೆ ಶಾಖ ಗಮನಾರ್ಹವಾಗಿ ಇಳಿಯುತ್ತದೆ. ಹುಬ್ಬಳ್ಳಿಯ ಕಾರವಾರ ರಸ್ತೆ, ಧಾರವಾಡದ ಹೊಸಯಲ್ಲಾಪುರಗಳಲ್ಲಿರುವ ಕಸದ ಯಾರ್ಡುಗಳ ಸುತ್ತ ಮನೆ ನೋಡುವವರು ಬೇಸಿಗೆಯ ಸಂಜೆಯಲ್ಲೊಮ್ಮೆ ಹೋಗಬೇಕು, ಹೊಗೆಯೂ ನಾತವೂ ಬೆಳಗಿನ ಹೊತ್ತು ತಿಳಿಯುವುದಿಲ್ಲ.

ಪ್ರಶ್ನೆ: ನಿವೃತ್ತಿಯ ನಂತರ ಮುಂಡರಗಿ ಹತ್ತಿರ ತೋಟದ ಮನೆ ಕೊಳ್ಳುವ ಆಸೆ. ಕೊಳವೆಬಾವಿಯಲ್ಲಿ ಎರಡು ಇಂಚು ನೀರಿದೆ, ಕುಡಿದು ನೋಡಿದೆ, ಸಿಹಿಯಾಗಿದೆ.
(ನಿವೃತ್ತ ಶಿಕ್ಷಕರು, ಗದಗ)

ಉತ್ತರ: ಗುರುಗಳೇ, ಫ್ಲೋರೈಡಿಗೆ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯೂ ಇಲ್ಲ. ಗದಗ ಜಿಲ್ಲೆಯಲ್ಲಿ, ಅದರಲ್ಲೂ ಮುಂಡರಗಿ ಸೀಮೆಯ ಅಂತರ್ಜಲದಲ್ಲಿ, ಅದರ ತೊಂದರೆ ಹಳೆಯದು. ಕುಡಿಯುವ ನೀರಿನ ಭಾರತೀಯ ಮಾನಕದಂತೆ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಮಿಗಿಂತ ಹೆಚ್ಚಿರಬಾರದು, ಬೇರೆ ನೀರೇ ಇಲ್ಲದಿದ್ದಲ್ಲಿ 1.5ರವರೆಗೆ ಸಹಿಸಬಹುದು. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆಗಳು ಕಾಣುತ್ತವೆ, ಮುಂದೆ ಮೂಳೆ-ಕೀಲುಗಳು ಬಿಗಿಯುತ್ತವೆ. ಆ ತೋಟದ ಸುತ್ತಲಿನ ಶಾಲೆಗೆ ಒಮ್ಮೆ ಹೋಗಿ ಮಕ್ಕಳೊಂದಿಗೆ ನಗುತ್ತ ಮಾತನಾಡಿ ಬನ್ನಿ, ನಿಮಗೆ ಅದು ಕಷ್ಟದ ಕೆಲಸವಲ್ಲ. ಅವರ ಹಲ್ಲುಗಳು ಅರ್ಧ ಉತ್ತರ ಹೇಳುತ್ತವೆ.

ಉಳಿದರ್ಧಕ್ಕೆ ಪ್ರಯೋಗಾಲಯ ಬೇಕು. ಪಂಪನ್ನು ಹತ್ತು ನಿಮಿಷ ಓಡಿಸಿದ ಬಳಿಕ, ಅದೇ ನೀರಿನಿಂದ ಮೂರು ಸಲ ತೊಳೆದ ಬಾಟಲಿಯಲ್ಲಿ ಎರಡು ಲೀಟರ್ ಹಿಡಿದು ಜಿಲ್ಲೆಯ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡಿರಿ. ಫ್ಲೋರೈಡಿನ ಜತೆಗೆ ನೈಟ್ರೇಟ್, ಗಡಸುತನ ಮತ್ತು ಕರಗಿದ ಲವಣಗಳ ಒಟ್ಟು ಪ್ರಮಾಣವನ್ನೂ ಕೇಳಿರಿ. ನೈಟ್ರೇಟ್ 45 ಮಿಲಿಗ್ರಾಮ್ ದಾಟಿರಬಾರದು. ಅದು ದಾಟಿದ್ದರೆ ಗೊಬ್ಬರದ್ದೋ ಶೌಚದ ಗುಂಡಿಯದೋ ನೀರು ಬಾವಿಗೆ ಸೇರುತ್ತಿದೆ. ಮಾದರಿಯನ್ನು ಮೇ ತಿಂಗಳಲ್ಲಿ ತೆಗೆಯುವುದು ಒಳ್ಳೆಯದು, ನೀರಿನ ಮಟ್ಟ ಇಳಿದಾಗ ಬಾವಿಯ ನಿಜಗುಣ ಗೊತ್ತಾಗುತ್ತದೆ. ಎರಡು ಇಂಚು ಎಂಬ ಮಾತನ್ನೂ ಆಗಲೇ ಪರೀಕ್ಷಿಸಬಹುದು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಆರ್‌ಓ ಯಂತ್ರ ತೆಗೆಯುತ್ತದೆ, ಆದರೆ ಸಾಕಷ್ಟು ನೀರನ್ನು ಹೊರಚೆಲ್ಲುತ್ತದೆ.

ನನ್ನನ್ನು ಕೇಳಿದರೆ ಅಂಥ ಕಡೆ ಮಳೆನೀರೇ ಕುಡಿಯಲು ಮೇಲು. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆಯಾದರೆ ಒಂದು ಲೀಟರ್ ನೀರು. ವರ್ಷಕ್ಕೆ 600 ಮಿಲಿಮೀಟರ್ ಹಿಡಿದರೂ 100 ಚದರ ಮೀಟರಿನ ಚಾವಣಿಯಿಂದ, ಐದರಲ್ಲೊಂದು ಪಾಲು ಪೋಲಾದರೂ, 48 ಸಾವಿರ ಲೀಟರ್ ಸಿಗುತ್ತದೆ. ಕುಡಿಯಲು, ಅಡುಗೆಗೆ ದಿನಕ್ಕೆ 30 ಲೀಟರ್ ಬಳಸುವ ಮನೆಗೆ ವರ್ಷಕ್ಕೆ ಬೇಕಾದದ್ದು 11 ಸಾವಿರ ಲೀಟರ್. ಅಷ್ಟು ಹಿಡಿಯುವ ನೆಲತೊಟ್ಟಿಗೆ ಜಾಗವಿದೆಯೇ ನೋಡಿ, ಅದರ ಖರ್ಚನ್ನು ಮನೆಯ ಬೆಲೆಯಲ್ಲಿ ಕಳೆದು ಮಾತನಾಡಿರಿ.

ಪ್ರಶ್ನೆ: ನರಗುಂದದ ಹಳೆಯ ಓಣಿಯಲ್ಲಿ ತೊಲೆ-ಜಂತಿಯ ದೊಡ್ಡ ಮನೆಯೊಂದು ಕಡಿಮೆ ಬೆಲೆಗೆ ಬಂದಿದೆ. ಕೊಂಡರೆ ಹೇಗೆ?
(ವ್ಯಾಪಾರಿ, ಗದಗ ಜಿಲ್ಲೆ)

ಉತ್ತರ: ಮೇಲೆ ನೋಡುವ ಮೊದಲು ಕೆಳಗೆ ನೋಡಿರಿ. ನಮ್ಮ ಹಿರಿಯರು ಜೋಳ ಕೂಡಿಡಲು ನೆಲದೊಳಗೆ ಹಗೇವು ತೋಡುತ್ತಿದ್ದರು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಹೊಟ್ಟೆ ಕೋಣೆಯಷ್ಟು ಅಗಲ. ಒಳಗೆ ಹುಲ್ಲು ಸುತ್ತಿ ಕಾಳು ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಬಳಕೆ ನಿಂತ ಮೇಲೆ ಎಷ್ಟೋ ಹಗೇವುಗಳನ್ನು ತುಂಬದೆ ಹಾಗೆಯೇ ಮುಚ್ಚಿ ಮೇಲೆ ಫರಸಿ ಹಾಸಿಬಿಟ್ಟರು. ಅಂತರ್ಜಲ ಏರಿದಾಗ, ಅಥವಾ ಚರಂಡಿಯ ನೀರು ಇಂಗಿದಾಗ, ಒಳಗೋಡೆ ಕರಗಿ ನೆಲ ಒಮ್ಮೆಲೇ ಕುಸಿಯುತ್ತದೆ. ಕೆಲವು ವರ್ಷಗಳ ಹಿಂದೆ ನರಗುಂದದ ಹಳೆಯ ಓಣಿಗಳಲ್ಲಿ ಮನೆಯೊಳಗೂ ರಸ್ತೆಯಲ್ಲೂ ನೆಲ ಕುಸಿದ ಸುದ್ದಿಯನ್ನು ನೀವೂ ಓದಿರುತ್ತೀರಿ.

ಪಡಸಾಲೆ, ಕಟ್ಟೆ, ಅಂಗಳದ ಪ್ರತಿ ಕಲ್ಲನ್ನೂ ಹಾರೆಯ ಹಿಂತುದಿಯಿಂದ ತಟ್ಟಿ ನೋಡಿರಿ, ಪೊಳ್ಳು ಸದ್ದು ಬಂದಲ್ಲಿ ಗುರುತು ಹಾಕಿರಿ. ಓಣಿಯ ಅಜ್ಜಂದಿರನ್ನು “ಈ ಮನ್ಯಾಗ ಹಗೇವು ಎಲ್ಲಿದ್ದುವು?” ಎಂದೇ ಕೇಳಿರಿ. ಇದ್ದುವೇ ಎಂದು ಕೇಳಿದರೆ ಇಲ್ಲವೆನ್ನುವುದು ಸುಲಭ. ಒಂದು ಹಗೇವು ಸಿಕ್ಕರೆ ಅವಸರದಲ್ಲಿ ಯಾರನ್ನೂ ಒಳಗಿಳಿಸಬೇಡಿ. ಬಹುಕಾಲ ಮುಚ್ಚಿದ್ದ ಗುಂಡಿಯಲ್ಲಿ ಉಸಿರುಗಟ್ಟಿಸುವ ಗಾಳಿ ತುಂಬಿರುತ್ತದೆ, ಅದಕ್ಕೇ ಹಿರಿಯರು ಮೊದಲು ಹಣತೆಯನ್ನು ಇಳಿಸಿ ನೋಡುತ್ತಿದ್ದರು. ತುಂಬಿಸುವುದಾದರೆ ಕಸ-ರಾಡಿ ಹಾಕದೆ ಗರಸನ್ನು ಪದರಪದರವಾಗಿ ದಮ್ಮಸು ಮಾಡಿಸಬೇಕು. ಮೇಲ್ಮುದ್ದೆಯ (ಮಣ್ಣಿನ ಚಾವಣಿಯ) ಮನೆಯಾದರೆ ಜಂತಿಗಳ ತುದಿ ಗೋಡೆಯೊಳಗೆ ಸೇರುವಲ್ಲಿ ಚಾಕುವಿನ ಮೊನೆ ಚುಚ್ಚಿ ನೋಡಿರಿ, ಗೆದ್ದಲು ಮೊದಲು ಹಿಡಿಯುವುದು ಅಲ್ಲಿ. ಸತತ ಮಳೆಯಲ್ಲಿ ಮೇಲ್ಮುದ್ದೆ ನೀರು ಕುಡಿದು ಭಾರವಾದಾಗ ಗೋಡೆ ಸಮೇತ ಬೀಳುವ ಮನೆಗಳು ನಮ್ಮ ಮೂರೂ ಜಿಲ್ಲೆಗಳಲ್ಲಿ ಪ್ರತಿ ವರ್ಷವೂ ಉಂಟು.

ಪ್ರಶ್ನೆ: ಮಗನಿಗೆ ಬ್ಯಾಡಗಿಗೆ ವರ್ಗವಾಗಿದೆ. ಮೊಮ್ಮಗಳಿಗೆ ಉಬ್ಬಸ. ಮಾರುಕಟ್ಟೆಗೆ ಸಮೀಪದ ಮನೆ ಸಿಕ್ಕಿದೆ.
(ಗೃಹಿಣಿ, ರಾಣೆಬೆನ್ನೂರು)

ಉತ್ತರ: ಬೇಡ, ತಾಯಿ. ಮೆಣಸಿನಕಾಯಿ ಆವಕದ ತಿಂಗಳುಗಳಲ್ಲಿ ಅಲ್ಲಿನ ಘಾಟು ಆರೋಗ್ಯವಂತರಿಗೇ ಸೀನು ತರಿಸುತ್ತದೆ. ಮಾರುಕಟ್ಟೆ, ಗೋದಾಮು, ಮೆಣಸಿನಕಾಯಿ ಪುಡಿ ಮಾಡುವ ಗಿರಣಿ ಇವುಗಳಿಂದ ದೂರ, ಗಾಳಿ ಬೀಸಿ ಬರುವ ದಿಕ್ಕಿನಲ್ಲಿ ಮನೆ ಹುಡುಕಲಿ. ವೈದ್ಯರಿಗೂ ಊರಿನ ಹೆಸರು ತಿಳಿಸಿ ಸಲಹೆ ಪಡೆಯಿರಿ.

ಪ್ರಶ್ನೆ: ವರದಾ ನದಿಯ ಸಮೀಪದ ನಮ್ಮೂರಲ್ಲಿ ದಾಯಾದಿಯೊಬ್ಬರ ಮನೆಯನ್ನು ಕೊಳ್ಳಲಿದ್ದೇನೆ. 2019ರಲ್ಲಿ ನೀರು ಬಂದಿತ್ತೋ ಇಲ್ಲವೋ ಎಂಬುದರ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ವಿಮೆ ಮಾಡಿಸಿದರೆ ಸಾಕಾಗುವುದೇ?
(ರೈತರು, ಹಾವೇರಿ ತಾಲ್ಲೂಕು)

ಉತ್ತರ: 2019ರ ಆಗಸ್ಟ್ ನೆರೆಯ ನಂತರ ಹಾನಿಗೊಂಡ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ ಪರಿಹಾರ ಕೊಡಲಾಯಿತು. ಆ ಪಟ್ಟಿ ಗ್ರಾಮ ಪಂಚಾಯಿತಿಯಲ್ಲೋ ತಹಶೀಲ್ದಾರ ಕಚೇರಿಯಲ್ಲೋ ಇರುತ್ತದೆ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿರಿ. ದಾಯಾದಿಗಳ ಮನೆಯ ಹೆಸರು ಅದರಲ್ಲಿದ್ದರೆ ವಾದವೇ ಮುಗಿಯಿತು. ಪಟ್ಟಿಯಲ್ಲಿ ಹೆಸರಿಲ್ಲದ ಮಾತ್ರಕ್ಕೆ ನೀರು ಬಂದಿಲ್ಲವೆಂದು ಹೇಳಲಾಗದು, ಅಕ್ಕಪಕ್ಕದ ಮನೆಗಳ ಹೆಸರುಗಳನ್ನೂ ನೋಡಿರಿ. ಊರಿಗೆ 2009ರ ನೆರೆಯ ನಂತರದ ‘ಆಸರೆ’ ಬಡಾವಣೆ ಇದ್ದರೆ, ಹಳೆಯ ಊರು ಮುಳುಗುವಂಥದ್ದೆಂದು ಸರ್ಕಾರವೇ ಒಪ್ಪಿಕೊಂಡಂತಾಯಿತು.

2021ರ ಏಪ್ರಿಲ್‌ನಿಂದ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಮನೆ ವಿಮೆ ಜಾರಿಯಲ್ಲಿದೆ. ನೆರೆ, ಬಿರುಗಾಳಿ, ಸಿಡಿಲು, ನೆಲ ಕುಸಿತಗಳ ಹಾನಿಗೆ ಅದರಲ್ಲಿ ಪರಿಹಾರವುಂಟು. ಮನೆಯ ಜತೆಗೆ ಒಳಗಿನ ಸಾಮಾನಿಗೂ, ಮನೆಯ ವಿಮಾ ಮೊತ್ತದ ಶೇಕಡ 20ರಷ್ಟು, ಹೆಚ್ಚೆಂದರೆ 10 ಲಕ್ಷ ರೂಪಾಯಿವರೆಗೆ, ರಕ್ಷಣೆ ತಾನಾಗಿಯೇ ಸಿಗುತ್ತದೆ. ಬಾಡಿಗೆಯವರು ಸಾಮಾನಿಗಷ್ಟೇ ಮಾಡಿಸಬಹುದು. ಆದರೆ ಹೊಸ ಕಟ್ಟಡ ಕೂರುವಾಗಿನ ಸಹಜ ಬಿರುಕು, ಮಣ್ಣು ಭರ್ತಿ ಮಾಡಿದ ನೆಲದ ಕುಸಿತ, ನದಿ ದಂಡೆಯನ್ನು ಕೊರೆದುಕೊಂಡು ಹೋಗುವುದು, ಕಟ್ಟುವಾಗಿನ ಕೆಟ್ಟ ಕೆಲಸ ಇವು ಯಾವುವೂ ಅದರಲ್ಲಿ ಸೇರಿಲ್ಲ. ನದಿಯ ಅಂಚಿನ ಮನೆಗೆ ಮೂರನೆಯದು, ತಗ್ಗು ತುಂಬಿಸಿ ಮಾಡಿದ ಲೇಔಟಿಗೆ ಎರಡನೆಯದು ನೇರವಾಗಿ ತಾಗುತ್ತದೆ. ಪಾಲಿಸಿಗೆ ಸಹಿ ಮಾಡುವ ಮುನ್ನ ಹೊರಗಿಟ್ಟ ಸಂಗತಿಗಳ ಪುಟವನ್ನು ಏಜೆಂಟರಿಂದ ಕನ್ನಡದಲ್ಲಿ ಹೇಳಿಸಿಕೊಳ್ಳಿರಿ. ಮನೆಯ ನಾಲ್ಕೂ ಗೋಡೆ, ನೆಲ, ಚಾವಣಿಗಳ ಫೋಟೊಗಳನ್ನು ತಾರೀಖಿನೊಂದಿಗೆ ತೆಗೆದು, ಮೊಬೈಲಿನಲ್ಲಷ್ಟೇ ಇಡದೆ, ಬೇರೆ ಊರಿನಲ್ಲಿರುವ ಮಕ್ಕಳಿಗೂ ಕಳಿಸಿಡಿರಿ. ನೆರೆ ಬಂದ ದಿನ ಮೊಬೈಲೂ ನೀರಿನಲ್ಲಿರುತ್ತದೆ.